ಮುಖ ನಮ್ಮದು, ಕಥೆ ಯಾರದು?

ಕಬಿನಿ ದಂಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗನೊಬ್ಬ, ಹದಿಮೂರನೇ ವಯಸ್ಸಿಗೆಲ್ಲ ಲಂಡನ್ನಿನ ಬೆಳ್ಳಿತೆರೆಯ ಮೇಲಿದ್ದ. ಹೆಸರು ಸಾಬು. ಅಪ್ಪ ಮೈಸೂರು ಮಹಾರಾಜರ ಆನೆಗಳನ್ನು ನೋಡಿಕೊಳ್ಳುತ್ತಿದ್ದವನು. ಅಪ್ಪ ತೀರಿಕೊಂಡ ಮೇಲೆ ಹುಡುಗ ಅದೇ ಆನೆಲಾಯದ ಆಸರೆಯಲ್ಲಿ ಬೆಳೆಯುತ್ತಿದ್ದ. ಸಾಕ್ಷ್ಯಚಿತ್ರಗಳ ಆದ್ಯ ಪುರುಷ ರಾಬರ್ಟ್ ಫ್ಲಾಹರ್ಟಿ ಕಿಪ್ಲಿಂಗನ ಆನೆ ಕಥೆಯೊಂದನ್ನು ಸಿನಿಮಾ ಮಾಡಲು ಮೈಸೂರಿಗೆ ಬಂದಾಗ, ಆ ತಂಡದ ಕಣ್ಣಿಗೆ ಈ ಹುಡುಗ ಬಿದ್ದ. 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆ ಕಂಡಿತು. ಅದರ ನಿರ್ದೇಶನಕ್ಕೆ ಫ್ಲಾಹರ್ಟಿ ಮತ್ತು ಜೋಲ್ಟನ್ ಕೊರ್ಡಾ ಇಬ್ಬರಿಗೂ ವೆನಿಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಸಾಬು ಇಂಗ್ಲೆಂಡಿಗೆ ಹೋದ, ಅಲ್ಲಿಂದ ಹಾಲಿವುಡ್ಡಿಗೆ ಹೋದ. 1940ರ 'ದಿ ಥೀಫ್ ಆಫ್ ಬಾಗ್ದಾದ್'ನಲ್ಲಿ ಹಾರುವ ಜಮಖಾನೆ ಏರಿದ, 1942ರ 'ಜಂಗಲ್ ಬುಕ್'ನಲ್ಲಿ ಮೌಗ್ಲಿಯಾದ. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಆ ದೇಶದ ವಾಯುಪಡೆ ಸೇರಿ, ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಬಂದೂಕು ಹಿಡಿದು ಕುಳಿತು ಪೆಸಿಫಿಕ್ ಯುದ್ಧದಲ್ಲಿ ಪದಕ ಪಡೆದ.

ಯುದ್ಧ ಮುಗಿಸಿ ಬಂದವನಿಗೆ ಹಾಲಿವುಡ್ ಮತ್ತೆ ಅದೇ ರುಮಾಲು, ಅದೇ ಕಾಡು, ಅದೇ ಆನೆಗಳನ್ನು ಕೊಟ್ಟಿತು. ಲಾಸ್ ಏಂಜಲೀಸಿನಲ್ಲಿ ಸಂಸಾರ ಹೂಡಿ ಎರಡು ಮಕ್ಕಳ ತಂದೆಯಾಗಿದ್ದ ಈ ಮನುಷ್ಯನಿಗೆ, ಆ ಊರಿನಲ್ಲಿ ಬಾಳುವ ಒಬ್ಬ ಭಾರತೀಯನ ಪಾತ್ರವನ್ನು ಮಾಡುವ ಸಂದರ್ಭವೇ ಬರಲಿಲ್ಲ. ಅಂಥ ಮನುಷ್ಯನಿಗೂ ಒಂದು ಕಥೆ ಇರಬಹುದೆಂದು ಚಿತ್ರಕಥೆ ಬರೆಯುವವರಿಗೆ ಹೊಳೆಯಲೇ ಇಲ್ಲ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಸಾಬು ತೀರಿಕೊಂಡಾಗ ವಯಸ್ಸು ಮೂವತ್ತೊಂಬತ್ತು. ಮುಂದೆ ಐದು ವರ್ಷಕ್ಕೆ ಅದೇ ಹಾಲಿವುಡ್ 'ದಿ ಪಾರ್ಟಿ' ಎಂಬ ಚಿತ್ರಕ್ಕೆ ಒಬ್ಬ ಭಾರತೀಯ ನಾಯಕನನ್ನು ಬಯಸಿತು. ಇಂಗ್ಲಿಷ್ ನಟ ಪೀಟರ್ ಸೆಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಆ ಪಾತ್ರ ಮಾಡಿದರು. ಮುಖವೂ ನಮ್ಮದಾಗಿ ಉಳಿಯಲಿಲ್ಲ.

ಹೊರದೇಶಗಳಲ್ಲಿ ನೆಲೆಸಿದ ಭಾರತೀಯರು ತಮ್ಮ ಕೈಯಿಂದಲೇ ಸಿನಿಮಾ ಮಾಡತೊಡಗಿದ ಚರಿತ್ರೆಯನ್ನು ಹೇಳುವಾಗ ನಾನು ಸಾಬುವಿನಿಂದಲೇ ಶುರು ಮಾಡುತ್ತೇನೆ. ಆತ ನಮ್ಮ ನಾಡಿನ ಹುಡುಗ ಎಂಬ ಪ್ರೀತಿಗಷ್ಟೇ ಅಲ್ಲ. ಆತನಿಗೆ ಏನು ಸಿಗಲಿಲ್ಲವೋ ಅದನ್ನು ಪಡೆಯಲು ಮುಂದಿನ ಎರಡು ತಲೆಮಾರು ಪಟ್ಟ ಪಾಡೇ ಈ ಚರಿತ್ರೆ.

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಎರಕದ ಕಾರ್ಖಾನೆಗಳಿಗೆ, ಬಟ್ಟೆ ಗಿರಣಿಗಳಿಗೆ, ಬಸ್ಸು ರೈಲುಗಳಿಗೆ ಕೈಗಳು ಬೇಕಾದವು. ಪಂಜಾಬಿನಿಂದ, ಗುಜರಾತಿನಿಂದ, ಪಾಕಿಸ್ತಾನದಿಂದ ಜನ ಹೋದರು. ಲಂಡನ್ನಿನ ಪಶ್ಚಿಮದ ಸೌತಾಲ್ ಎಂಬ ಬಡಾವಣೆ ಒಂದು ಪುಟ್ಟ ಪಂಜಾಬೇ ಆಯಿತು. ವಾರವಿಡೀ ಪಾಳಿ ದುಡಿದ ಈ ಜನ ಭಾನುವಾರ ಬೆಳಿಗ್ಗೆ, ಬಿಳಿಯರ ಚಿತ್ರಮಂದಿರಗಳು ಖಾಲಿ ಇರುವ ಹೊತ್ತಿನಲ್ಲಿ, ಅವನ್ನು ಬಾಡಿಗೆ ಹಿಡಿದು ಹಿಂದಿ ಸಿನಿಮಾ ನೋಡುತ್ತಿದ್ದರು. ಬುತ್ತಿ ಕಟ್ಟಿಕೊಂಡು ಮಕ್ಕಳುಮರಿಯೊಂದಿಗೆ ಹೋಗಿ ಬರುವ ಜಾತ್ರೆ ಅದು. ಸೌತಾಲಿನ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಎಂಬ ಕಾರ್ಮಿಕರ ಸಂಘ 1960ರ ದಶಕದಲ್ಲಿ ಅಲ್ಲಿನ ಡೊಮಿನಿಯನ್ ಚಿತ್ರಮಂದಿರವನ್ನು ಕೊಂಡೇಬಿಟ್ಟಿತು. ಎರಕದ ಬೆಂಕಿಯ ಮುಂದೆ ದುಡಿದವರ ಚಂದಾ ಹಣದಲ್ಲಿ ನಡೆಯುವ ಸಂಘವೊಂದು ಚಿತ್ರಮಂದಿರದ ಒಡೆತನ ಪಡೆದದ್ದು ನನಗೆ ಈ ಇಡೀ ಕಥೆಯ ಮೊದಲ ದೊಡ್ಡ ಘಟನೆಯಾಗಿ ಕಾಣುತ್ತದೆ. ಪರದೆ ಸಿಕ್ಕಿತು. ಆದರೆ ಆ ಪರದೆಯ ಮೇಲೆ ಮೂಡುತ್ತಿದ್ದದ್ದು ಬಿಟ್ಟುಬಂದ ಊರು. ಇಂಗ್ಲಿಷ್ ಸಿನಿಮಾದಲ್ಲಿ ಅವರು ಇರಲಿಲ್ಲ. ಹಿಂದಿ ಸಿನಿಮಾದಲ್ಲಿ ಕಾಶ್ಮೀರದ ತೋಟಗಳಿದ್ದವು, ಸೌತಾಲಿನ ಇಟ್ಟಿಗೆ ಮನೆಗಳಿರಲಿಲ್ಲ.

ಅಂಥ ಇಟ್ಟಿಗೆ ಮನೆಗಳನ್ನು ತೋರಿಸಿದ ಮೊದಲ ಕಥಾಚಿತ್ರ 1974ರ 'ಎ ಪ್ರೈವೇಟ್ ಎಂಟರ್‌ಪ್ರೈಸ್'. ಲಂಡನ್ನಿನಲ್ಲಿ ನೆಲೆಸಿದ್ದ ಬರಹಗಾರ ದಿಲೀಪ್ ಹಿರೋ ಚಿತ್ರಕಥೆಯಲ್ಲಿ ಪಾಲು ಹೊತ್ತರು, ಪೀಟರ್ ಕೆ. ಸ್ಮಿತ್ ನಿರ್ದೇಶಿಸಿದರು, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಣ್ಣ ಮೊತ್ತದ ಹಣ ಕೊಟ್ಟಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ವಂತ ವ್ಯಾಪಾರ ಮಾಡಬೇಕೆಂದು ಒದ್ದಾಡುವ ಶಿವ್ ಎಂಬ ಯುವಕನ ಕಥೆ. ಕಾರ್ಖಾನೆಯ ಮುಷ್ಕರ, ಮದುವೆಗೆ ಗಂಟುಬೀಳುವ ನೆಂಟರು, ಬ್ಯಾಂಕಿನವರ ತಣ್ಣನೆಯ ಮಾತು, ಎಲ್ಲವೂ ಇದ್ದ ಸಾಧಾರಣ ಬದುಕು. ಸಾಧಾರಣ ಬದುಕನ್ನು ಸಾಧಾರಣವಾಗಿಯೇ ತೋರಿಸಲು ಸಾಬು ಮೈಸೂರು ಬಿಟ್ಟು ಹೋದ ಮೇಲೆ ಸುಮಾರು ನಲವತ್ತು ವರ್ಷ ಬೇಕಾಯಿತು.

ಮುಂದಿನ ಹೆಜ್ಜೆ ಬೀದಿಯ ಗಲಭೆಯಿಂದ ಬಂತು. 1979ರ ಏಪ್ರಿಲ್‌ನಲ್ಲಿ ನ್ಯಾಷನಲ್ ಫ್ರಂಟ್ ಎಂಬ ಬಿಳಿಯರ ಪಕ್ಷ ಸೌತಾಲಿನಲ್ಲೇ ಸಭೆ ಕರೆಯಿತು. ವಿರೋಧಿಸಲು ಊರಿಗೆ ಊರೇ ಬೀದಿಗಿಳಿಯಿತು. ಪೊಲೀಸರ ದಾಳಿಯಲ್ಲಿ ಬ್ಲೇರ್ ಪೀಚ್ ಎಂಬ ಶಿಕ್ಷಕ ಸತ್ತ. ಎರಡು ವರ್ಷಕ್ಕೆ ಲಂಡನ್ನಿನ ಇನ್ನೊಂದು ಬಡಾವಣೆ ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. 1982ರ ನವೆಂಬರ್ 2ರಂದು ಚಾನೆಲ್ 4 ಪ್ರಸಾರ ಆರಂಭಿಸಿದಾಗ, ಬೇರೆ ವಾಹಿನಿಗಳು ಕೇಳಿಸಿಕೊಳ್ಳದ ದನಿಗಳಿಗೆ ಜಾಗ ಕೊಡುವ ಹೊಣೆಯನ್ನು ಕಾನೂನೇ ಅದರ ಮೇಲೆ ಹೊರಿಸಿತ್ತು. ಏಷ್ಯಾ ಮೂಲದ ಯುವಕ ಯುವತಿಯರ ಚಿತ್ರತಂಡಗಳು ಹುಟ್ಟಿದವು, ಅವುಗಳಲ್ಲಿ 'ರೀಟೇಕ್' ಎಂಬುದು ಮೊದಲನೆಯದು. 1984ರಿಂದ ಆ ವಾಹಿನಿಯಲ್ಲಿ ಬಹುಸಂಸ್ಕೃತಿ ವಿಭಾಗದ ಸಂಪಾದಕರಾಗಿದ್ದವರು ಪುಣೆಯಲ್ಲಿ ಹುಟ್ಟಿದ ಫರೂಖ್ ಧೋಂಡಿ.

ಚಾನೆಲ್ 4ರ ಹಣದಲ್ಲಿ, ಟಿವಿಗೆಂದೇ, 16 ಎಂಎಂ ಫಿಲ್ಮಿನಲ್ಲಿ ತೆಗೆದ ಒಂದು ಸಿನಿಮಾ 1985ರ ಎಡಿನ್‌ಬರೋ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. 'ಮೈ ಬ್ಯೂಟಿಫುಲ್ ಲಾಂಡ್ರೆಟ್'. ನಿರ್ದೇಶಕ ಸ್ಟೀಫನ್ ಫ್ರಿಯರ್ಸ್, ಬರೆದವರು ಹನೀಫ್ ಕುರೇಶಿ. ಕುರೇಶಿಯ ತಂದೆಯ ಮನೆತನ ಮದರಾಸಿನದು, ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋದದ್ದು. ಬಟ್ಟೆ ಒಗೆಯುವ ಅಂಗಡಿ ನಡೆಸುವ ಪಾಕಿಸ್ತಾನಿ ಹುಡುಗನಿಗೂ, ಹಿಂದೆ ಅದೇ ನ್ಯಾಷನಲ್ ಫ್ರಂಟಿನೊಂದಿಗೆ ಮೆರವಣಿಗೆ ಹೋಗಿದ್ದ ಬಿಳಿಯ ಗೆಳೆಯನಿಗೂ ನಡುವೆ ಹುಟ್ಟುವ ಪ್ರೇಮ ಅದರ ವಸ್ತು. ವಲಸೆ ಬಂದ ಚಿಕ್ಕಪ್ಪಂದಿರು ಅದರಲ್ಲಿ ದುಡ್ಡು ಮಾಡುತ್ತಾರೆ, ಬಾಡಿಗೆದಾರರನ್ನು ಬೀದಿಗೆ ತಳ್ಳುತ್ತಾರೆ, ಕುಡಿಯುತ್ತಾರೆ. ನಮ್ಮ ಮಾನ ಹರಾಜಾಯಿತೆಂದು ನ್ಯೂಯಾರ್ಕಿನಲ್ಲಿ ಪಾಕಿಸ್ತಾನಿ ಸಂಘಟನೆಯೊಂದು ಪ್ರತಿಭಟಿಸಿತು. ಎಡಿನ್‌ಬರೋದ ಪ್ರೇಕ್ಷಕರ ಮೆಚ್ಚುಗೆಯಿಂದ ಟಿವಿಯ ಚಿತ್ರ ಚಿತ್ರಮಂದಿರಕ್ಕೆ ದಾಟಿತು, ಕುರೇಶಿಗೆ ಚಿತ್ರಕಥೆಗಾಗಿ ಆಸ್ಕರ್ ನಾಮನಿರ್ದೇಶನ ಬಂತು. ಚಿತ್ರೋತ್ಸವದ ಒಂದು ಪ್ರದರ್ಶನ ಸಿನಿಮಾದ ಹಣೆಬರಹ ಬದಲಿಸಬಲ್ಲದೆಂದು ಅಂದು ಎಷ್ಟೋ ಜನ ಕಣ್ಣಾರೆ ಕಂಡರು.

ಮಾನ ಹೋಗುತ್ತದೆ ಎಂಬ ಈ ಅಳುಕು ಮುಂದೆ ಬಂದ ಪ್ರತಿಯೊಬ್ಬರನ್ನೂ ಬೆನ್ನಟ್ಟಿತು. ಬಿಳಿಯರು ನೋಡುತ್ತಾರೆ, ಮನೆಯ ಜಗಳವನ್ನು ಹೊರಗೆ ಹಾಕಬೇಡಿ ಎಂಬುದು ಹಿರಿಯರ ಮಾತು. ನೈರೋಬಿಯಲ್ಲಿ ಹುಟ್ಟಿ ಸೌತಾಲಿನಲ್ಲಿ ಬೆಳೆದ ಗುರಿಂದರ್ ಚಡ್ಡಾ ಆ ಮಾತಿಗೆ ತಲೆಬಾಗಲಿಲ್ಲ. 1989ರಲ್ಲಿ 'ಐ ಆ್ಯಮ್ ಬ್ರಿಟಿಷ್ ಬಟ್...' ಎಂಬ ಸಾಕ್ಷ್ಯಚಿತ್ರ ಮಾಡಿದ ಆಕೆ, ಮೀರಾ ಸ್ಯಾಲ್ ಬರೆದ 'ಭಾಜಿ ಆನ್ ದಿ ಬೀಚ್' ಅನ್ನು 1993ರಲ್ಲಿ ತೆರೆಗೆ ತಂದರು. ಬ್ರಿಟಿಷ್ ಏಷ್ಯನ್ ಮಹಿಳೆಯೊಬ್ಬಳು ನಿರ್ದೇಶಿಸಿದ ಮೊದಲ ಕಥಾಚಿತ್ರ ಅದು. ಬರ್ಮಿಂಗ್‌ಹ್ಯಾಮ್‌ನ ಮಹಿಳಾ ಕೇಂದ್ರವೊಂದರಿಂದ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಒಂದು ದಿನದ ಪ್ರವಾಸ, ಒಂದು ವ್ಯಾನಿನ ತುಂಬ ಹೆಂಗಸರು. ಗಂಡನ ಹೊಡೆತ ತಾಳಲಾರದೆ ಮಗನನ್ನು ಎತ್ತಿಕೊಂಡು ಬಂದವಳು, ಕರಿಯ ಗೆಳೆಯನಿಂದ ಬಸಿರಾದ ಡಾಕ್ಟರಿ ವಿದ್ಯಾರ್ಥಿನಿ, ಅಂಗಡಿಯ ಗಲ್ಲಾದ ಹಿಂದೆ ಕುಳಿತು ಕುಳಿತು ತಲೆನೋವು ಹಿಡಿಸಿಕೊಂಡ ನಡುವಯಸ್ಸಿನ ಗೃಹಿಣಿ. ಆ ಗೃಹಿಣಿಗೆ ಹಿಂದಿ ಸಿನಿಮಾದ ಶೈಲಿಯಲ್ಲೇ ಕನಸುಗಳು ಬೀಳುತ್ತವೆ, ದೇವರು ಬೈಯುತ್ತಾನೆ. ಡೊಮಿನಿಯನ್ ಚಿತ್ರಮಂದಿರದ ಭಾನುವಾರಗಳು ಕೊನೆಗೂ ಒಂದು ಇಂಗ್ಲಿಷ್ ಸಿನಿಮಾದೊಳಗೆ ಹೀಗೆ ಕಾಲಿಟ್ಟವು.

ಅಮೆರಿಕದಲ್ಲಿ ದಾರಿ ಬೇರೆಯಾಗಿತ್ತು. 1965ರ ವಲಸೆ ಕಾನೂನು ಅಲ್ಲಿಗೆ ಡಾಕ್ಟರು, ಇಂಜಿನಿಯರುಗಳನ್ನು ಕರೆಸಿಕೊಂಡಿತು. ಅವರಿಗೆ ಸೌತಾಲಿನಂಥ ಒತ್ತಾದ ಕೇರಿ ಇರಲಿಲ್ಲ, ಚಾನೆಲ್ 4ರಂಥ ಪೋಷಕನೂ ಇರಲಿಲ್ಲ. ರೂರ್ಕೆಲಾದಲ್ಲಿ ಹುಟ್ಟಿ ಹಾರ್ವರ್ಡಿಗೆ ಓದಲು ಹೋದ ಮೀರಾ ನಾಯರ್ 1982ರಲ್ಲಿ 'ಸೋ ಫಾರ್ ಫ್ರಮ್ ಇಂಡಿಯಾ' ಎಂಬ ಸಾಕ್ಷ್ಯಚಿತ್ರ ಮಾಡಿದರು. ನ್ಯೂಯಾರ್ಕಿನ ನೆಲದಡಿಯ ರೈಲುನಿಲ್ದಾಣದಲ್ಲಿ ಪತ್ರಿಕೆ ಮಾರುವ ಗುಜರಾತಿ ಯುವಕ, ಊರಲ್ಲಿ ಹೆಂಡತಿ, ಅವನು ಇನ್ನೂ ಮುಖ ನೋಡದ ಮಗು. ಇಷ್ಟೇ. ಇಂಥ ಸಣ್ಣ ಚಿತ್ರಗಳ ಡಬ್ಬಿಗಳನ್ನು ಹೊತ್ತು ಕಾಲೇಜು, ಗ್ರಂಥಾಲಯ, ಸಂಘಗಳ ಸಭಾಂಗಣ ತಿರುಗುವುದೇ ಅಂದಿನ ವಿತರಣೆ. 1988ರಲ್ಲಿ 'ಸಲಾಮ್ ಬಾಂಬೆ' ಕಾನ್ ಉತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ಡಿಓರ್ ಪಡೆಯಿತು, ಆಸ್ಕರ್ ಅಂತಿಮ ಸುತ್ತಿಗೂ ಹೋಯಿತು.

ಆ ಹೆಸರಿನ ಬಲದಿಂದ ಆಕೆ ಕೈಹಾಕಿದ್ದು 'ಮಿಸಿಸಿಪ್ಪಿ ಮಸಾಲಾ'ಕ್ಕೆ. 1972ರ ಆಗಸ್ಟಿನಲ್ಲಿ ಸರ್ವಾಧಿಕಾರಿ ಇದಿ ಅಮೀನ್ ತೊಂಬತ್ತು ದಿನಗಳ ಗಡುವು ಕೊಟ್ಟು ಉಗಾಂಡಾದಿಂದ ಭಾರತೀಯ ಮೂಲದವರನ್ನು ಹೊರಗಟ್ಟಿದ. ತಲೆಮಾರುಗಳಿಂದ ಅಲ್ಲೇ ಇದ್ದ ಐವತ್ತು ಸಾವಿರಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿದರು. ಹಾಗೆ ಹೊರಬಿದ್ದ ಕುಟುಂಬವೊಂದು ಅಮೆರಿಕದ ದಕ್ಷಿಣದಲ್ಲಿ, ಗುಜರಾತಿಗಳು ನಡೆಸುವ ಮೋಟೆಲ್ ಒಂದರಲ್ಲಿ ಬಂದು ನಿಲ್ಲುತ್ತದೆ. ಮಗಳು ಕರಿಯ ಯುವಕನನ್ನು ಪ್ರೀತಿಸುತ್ತಾಳೆ. ಆಫ್ರಿಕಾದಿಂದ ಹೊರಹಾಕಿಸಿಕೊಂಡ ಅಪ್ಪ, ಆಫ್ರಿಕಾ ಮೂಲದ ಅಳಿಯನನ್ನು ಒಪ್ಪಲಾರ. ಸೂನಿ ತಾರಾಪೂರ್‌ವಾಲಾ ಬರೆದ ಈ ಕಥೆಗೆ ಹಣ ಹುಡುಕುವಾಗ, ಬಿಳಿಯ ನಾಯಕನೊಬ್ಬನಿಗೆ ಜಾಗ ಮಾಡಿಕೊಡಬಹುದೇ ಎಂದು ಸ್ಟುಡಿಯೋದವರು ಕೇಳಿದ್ದನ್ನು ಮೀರಾ ನಾಯರ್ ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ. ಆಕೆ ಬಗ್ಗಲಿಲ್ಲ. 1991ರಲ್ಲಿ ಡೆಂಜೆಲ್ ವಾಷಿಂಗ್ಟನ್, ಸರಿತಾ ಚೌಧರಿ, ರೋಶನ್ ಸೇಠ್, ಶರ್ಮಿಳಾ ಟ್ಯಾಗೋರ್ ಇದ್ದ ಆ ಚಿತ್ರ ಹೊರಬಂತು. ನಮ್ಮವರೊಳಗಿನ ಬಣ್ಣದ ಮೇಲುಕೀಳನ್ನು, ಮದುವೆ ಮನೆಯ ಹೆಂಗಸರು ಹುಡುಗಿಯ ಕಪ್ಪು ಮೈಬಣ್ಣದ ಬಗ್ಗೆ ಪಿಸುಗುಡುವುದನ್ನು ಅಷ್ಟು ನೇರವಾಗಿ ಹೇಳಿದ ಚಿತ್ರ ಅದಕ್ಕೆ ಮೊದಲು ಇರಲಿಲ್ಲವೆಂದೇ ನನ್ನ ತಿಳಿವು.

ಆದರೆ ಈ ಚರಿತ್ರೆಯ ಅತ್ಯಂತ ಆಳದ ಗಾಯ ಕೆನಡಾದ್ದು. ಅದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ.

1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡಿನ ಕರಾವಳಿಯಾಚೆ ಸಮುದ್ರದ ಮೇಲೆ ಬಾಂಬಿಗೆ ಸಿಡಿದು ಬಿತ್ತು. 329 ಜನ ಸತ್ತರು. ಬೇಸಿಗೆ ರಜೆಗೆ ಅಜ್ಜ ಅಜ್ಜಿಯರನ್ನು ನೋಡಲು ಹೊರಟಿದ್ದ ಮಕ್ಕಳೇ ಅದರಲ್ಲಿ ಎಷ್ಟೋ ಮಂದಿ. ಸತ್ತವರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳು. ಆದರೆ ಕೆನಡಾದ ಪ್ರಧಾನಿ ಬ್ರಯನ್ ಮಲ್ರೋನಿ ಸಂತಾಪ ಹೇಳಲು ಫೋನು ಮಾಡಿದ್ದು ರಾಜೀವ್ ಗಾಂಧಿಯವರಿಗೆ. ಟೊರಾಂಟೋದಲ್ಲಿ, ಮಾಂಟ್ರಿಯಲ್‌ನಲ್ಲಿ ಹೆಣ ಸಿಗದೆ ಕುಳಿತಿದ್ದ ಮನೆಗಳಿಗೆ ಆ ಒಂದು ಫೋನು ಹೇಳಿದ್ದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಸತ್ತ ಮಗು ಯಾವ ದೇಶದ್ದು ಎಂಬ ಪ್ರಶ್ನೆಗೆ ಸರ್ಕಾರವೇ ಉತ್ತರ ಕೊಟ್ಟಂತಾಗಿತ್ತು.

ಆರು ವರ್ಷದ ನಂತರ, ಮದರಾಸಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಶ್ರೀನಿವಾಸ್ ಕೃಷ್ಣ ಎಂಬ ಯುವಕ 'ಮಸಾಲಾ' ಎಂಬ ಚಿತ್ರ ಮಾಡಿದ. ಅಂಥದೇ ಸ್ಫೋಟದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡ ತರುಣನೇ ಅದರ ನಾಯಕ, ಆ ಪಾತ್ರವನ್ನು ನಿರ್ದೇಶಕನೇ ಮಾಡಿದ. ಇಂಥ ವಸ್ತುವಿಗೆ ಯಾರಾದರೂ ಶೋಕಗೀತೆಯ ಧಾಟಿ ಹಿಡಿಯುತ್ತಿದ್ದರು. ಈತ ಹಿಡಿದದ್ದು ಹುಚ್ಚು ಹಾಸ್ಯವನ್ನು, ಹಾಡು ಕುಣಿತವನ್ನು. ಜೊಹ್ರಾ ಸೆಹಗಲ್ ಅಜ್ಜಿಯಾಗಿ ಟಿವಿ ಮುಂದೆ ಕುಳಿತಿದ್ದಾರೆ. ವಿಸಿಆರ್ ಹಾಕಿದರೆ ಪೌರಾಣಿಕ ಕ್ಯಾಸೆಟ್ಟಿನೊಳಗಿಂದ ಶ್ರೀಕೃಷ್ಣ ಪರಮಾತ್ಮ ಆಕೆಯೊಡನೆ ಮಾತಿಗಿಳಿಯುತ್ತಾನೆ. ಅಜ್ಜಿ ಅವನನ್ನು ಮನೆಯ ಮಗನಂತೆ ಗದರುತ್ತಾಳೆ, ಬೇಡುತ್ತಾಳೆ, ಪರದೆ ಆರಿಸುತ್ತಾಳೆ. ಆ ದೇವರು, ಸೀರೆ ಅಂಗಡಿಯ ಸಾಹುಕಾರ, ಅಂಚೆಚೀಟಿ ಕೂಡಿಡುವ ಅಂಚೆಯಣ್ಣ, ಮೂರೂ ಪಾತ್ರ ಸಯೀದ್ ಜಾಫ್ರಿಯವರದೇ. ದೇವರಿಗೆ ಅಪಚಾರವಾಯಿತೆಂದು ಮುನಿಸಿಕೊಂಡವರಿದ್ದರೆ ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ಅಜ್ಜಿಯ ಭಕ್ತಿಯನ್ನು ನಾನು ಸುಳ್ಳೆನ್ನಲಾರೆ. ಕೀರ್ತನೆಗಳಲ್ಲಿ ಕೃಷ್ಣನನ್ನು ಹುಸಿಮುನಿಸಿನಿಂದ ಬೈದು ಮುದ್ದಿಸಿದ ನಾಡು ನಮ್ಮದು. ದೂರದ ಚಳಿಯ ಊರಿನಲ್ಲಿ, ಗುಡಿಯಿಲ್ಲದ ಬಡಾವಣೆಯಲ್ಲಿ, ಮುದುಕಿಯೊಬ್ಬಳಿಗೆ ಅವನು ಸಿಗುವುದು ಕ್ಯಾಸೆಟ್ಟಿನಲ್ಲೇ ಆದರೆ ಅಲ್ಲೇ ಸಿಗಲಿ.

ಕನಿಷ್ಕದ ಇನ್ನೊಂದು ಚಿತ್ರ 1998ರದು. ಕ್ವಿಬೆಕ್‌ನಲ್ಲಿ ಬೆಳೆದ ಈಶಾ ಮರ್ಜಾರಾ ಆ ವಿಮಾನದಲ್ಲಿ ತಾಯಿಯನ್ನೂ ಸೋದರಿಯನ್ನೂ ಕಳೆದುಕೊಂಡವರು. ನ್ಯಾಷನಲ್ ಫಿಲ್ಮ್ ಬೋರ್ಡ್ ಆಫ್ ಕೆನಡಾಕ್ಕಾಗಿ ಅವರು ಮಾಡಿದ ಸಾಕ್ಷ್ಯಚಿತ್ರದ ಹೆಸರು 'ಡೆಸ್ಪರೇಟ್ಲಿ ಸೀಕಿಂಗ್ ಹೆಲೆನ್'. ಹಿಂದಿ ಸಿನಿಮಾದ ನರ್ತಕಿ ಹೆಲೆನ್‌ಳನ್ನು ಹುಡುಕುತ್ತ ಮಗಳೊಬ್ಬಳು ಮುಂಬಯಿಗೆ ಬರುತ್ತಾಳೆ. ಹುಡುಕುತ್ತಿರುವುದು ಯಾರನ್ನು ಎಂದು ನೋಡುವವರಿಗೆ ಮೆಲ್ಲಗೆ ಗೊತ್ತಾಗುತ್ತ ಹೋಗುತ್ತದೆ. ಆ ದುರಂತದ ಸರ್ಕಾರಿ ವಿಚಾರಣಾ ವರದಿಗಳು ಸಂಪುಟಗಟ್ಟಲೆ ಇವೆ. ಅಮ್ಮನಿಲ್ಲದ ಮನೆಯಲ್ಲಿ ಬೆಳೆಯುವುದೆಂದರೇನು ಎಂಬುದು ಮಾತ್ರ ಈ ಚಿತ್ರದಲ್ಲಿದೆ.

ಇಂಥ ಚಿತ್ರಗಳನ್ನು ತೋರಿಸುವವರು ಯಾರು? ದೊಡ್ಡ ಚಿತ್ರಮಂದಿರದವರಿಗೆ ಲಾಭ ಕಾಣಲಿಲ್ಲ. ಹಿಂದಿ ಸಿನಿಮಾದ ಹಂಚಿಕೆದಾರರಿಗೆ ಇದು ಸಿನಿಮಾವೇ ಅಲ್ಲ. ದೇವಸ್ಥಾನದ ಸಭಾಂಗಣಗಳಿಗೆ ಮುಜುಗರ. ಟೊರಾಂಟೋದಲ್ಲಿ ಉತ್ತರ ಕೊಟ್ಟವರು, ಸಮುದಾಯವೇ ಹೊರಗಿಟ್ಟಿದ್ದ ಜನ. ದಕ್ಷಿಣ ಏಷ್ಯಾದ ಸಲಿಂಗಕಾಮಿ ಯುವಕರ 'ಖುಷ್' ಎಂಬ ಬಳಗ 1988ರಲ್ಲಿ ಒಂದು ಕಲಾ ಮೇಳ ನಡೆಸಿತು. ಅದೇ ಬೆಳೆದು 'ದೇಶ್ ಪರದೇಶ್' ಎಂಬ ವಾರ್ಷಿಕ ಉತ್ಸವವಾಯಿತು. ಸಿನಿಮಾ, ಕವಿತೆ, ನಾಟಕ, ಜಗಳ ಎಲ್ಲ ಒಂದೇ ಸೂರಿನಡಿ. ಮನೆಗೆಲಸದ ಹೆಂಗಸರ ಕೂಲಿಯಿಂದ ಹಿಡಿದು ಜಾತಿಯವರೆಗೆ ಎಲ್ಲದರ ಮೇಲೆ ಅಲ್ಲಿ ಚರ್ಚೆ ನಡೆಯುತ್ತಿತ್ತು. ಅದನ್ನು ಕಟ್ಟಿದವರಲ್ಲೊಬ್ಬರಾದ ಕವಿ ಇಯಾನ್ ಇಕ್ಬಾಲ್ ರಶೀದ್ ಮುಂದೆ 2004ರಲ್ಲಿ 'ಟಚ್ ಆಫ್ ಪಿಂಕ್' ಚಿತ್ರ ನಿರ್ದೇಶಿಸಿದರು. 2001ರಲ್ಲಿ ದೇಶ್ ಪರದೇಶ್ ಬಾಗಿಲು ಮುಚ್ಚಿತು. ಆದರೆ ಅದರ ಮಾದರಿ ಉಳಿಯಿತು: ಒಂದು ಬಾಡಿಗೆಯ ಪರದೆ, ಸಂಬಳವಿಲ್ಲದ ಕಾರ್ಯಕರ್ತರು, ಚಿತ್ರ ಮುಗಿದ ಮೇಲೆ ದೀಪ ಹಾಕಿ ನಿರ್ದೇಶಕನನ್ನು ನಿಲ್ಲಿಸಿ ಪ್ರಶ್ನೆ ಕೇಳುವುದು. ಈ ಪ್ರಶ್ನೋತ್ತರವೇ ನನ್ನ ಲೆಕ್ಕದಲ್ಲಿ ಆ ಉತ್ಸವಗಳ ಜೀವ. ಬಾಡಿಗೆ ಸಭಾಂಗಣದ ಕತ್ತಲಲ್ಲಿ ತನ್ನ ಮನೆಯನ್ನೇ ಪರದೆಯ ಮೇಲೆ ಕಂಡ ತಾಯಿಯೊಬ್ಬಳು ಎದ್ದುನಿಂತು ಸಿಟ್ಟಿನಿಂದ ಮಾತಾಡಿದರೂ, ಆಕೆ ಮಾತಾಡಿದಳಲ್ಲ!

ಕೆನಡಾ ಬಿಡುವ ಮೊದಲು ಇನ್ನಿಬ್ಬರನ್ನು ಹೆಸರಿಸಬೇಕು. ಅಮೃತಸರದಲ್ಲಿ ಹುಟ್ಟಿದ ದೀಪಾ ಮೆಹ್ತಾ 1991ರ 'ಸ್ಯಾಮ್ ಅಂಡ್ ಮಿ'ಯಲ್ಲಿ ಮುದುಕ ಯಹೂದಿಯೊಬ್ಬನನ್ನು ನೋಡಿಕೊಳ್ಳುವ ಭಾರತೀಯ ಯುವಕನ ಕಥೆ ಹೇಳಿದರು. 1996ರ 'ಫೈರ್' ಭಾರತದಲ್ಲಿ ತೆರೆ ಕಂಡ ಮೇಲೆ, 1998ರ ಡಿಸೆಂಬರಿನಲ್ಲಿ, ಮುಂಬಯಿ ಮತ್ತು ದೆಹಲಿಯ ಚಿತ್ರಮಂದಿರಗಳ ಗಾಜು ಪುಡಿಯಾಯಿತು. 2000ದಲ್ಲಿ ಕಾಶಿಯಲ್ಲಿ 'ವಾಟರ್' ಚಿತ್ರದ ಸೆಟ್ಟನ್ನು ಕೆಡವಿ ಗಂಗೆಗೆ ಎಸೆದರು. ಆಕೆ ಅದನ್ನು ನಾಲ್ಕು ವರ್ಷದ ನಂತರ ಶ್ರೀಲಂಕಾದಲ್ಲಿ, ಬೇರೊಂದು ಹೆಸರಿಟ್ಟು, ಬೇರೆ ನಟರೊಂದಿಗೆ ಮುಗಿಸಿದರು. 2005ರಲ್ಲಿ ಟೊರಾಂಟೋ ಚಿತ್ರೋತ್ಸವ ಅದರಿಂದಲೇ ಆರಂಭವಾಯಿತು, ಹಿಂದಿಯ ಆ ಚಿತ್ರ ಕೆನಡಾದ ಪರವಾಗಿ ಆಸ್ಕರ್ ಅಂತಿಮ ಸುತ್ತಿಗೆ ಹೋಯಿತು. ಎರಡನೆಯವರು ಅಲಿ ಕಜಿಮಿ. 1914ರ ಮೇ 23ರಂದು 'ಕೊಮಾಗಾಟಾ ಮಾರು' ಹಡಗು 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ಬಂದರಿಗೆ ಬಂತು. ಹುಟ್ಟಿದ ಇಲ್ಲವೇ ಪ್ರಜೆಯಾಗಿರುವ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ಭಾರತೀಯರನ್ನು ತಡೆಯಲೆಂದೇ ಮಾಡಿದ್ದು. ಎರಡು ತಿಂಗಳು ಹಡಗನ್ನು ದಡ ಕಾಣುವಷ್ಟು ದೂರದಲ್ಲಿ ನಿಲ್ಲಿಸಿ, ಹಸಿವು ಬಾಯಾರಿಕೆಯಲ್ಲಿ ಕೊಳೆಯಿಸಿ, ವಾಪಸು ಅಟ್ಟಿದರು. ಬಂಗಾಳದ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಬ್ರಿಟಿಷರು ಗುಂಡು ಹಾರಿಸಿದರು. ಕಜಿಮಿ ದಾಖಲೆಗಳ ರಾಶಿಯಲ್ಲಿ ವರ್ಷಗಟ್ಟಲೆ ತಡಕಾಡಿ, ಆ ಹಡಗಿನ ಅಪರೂಪದ ಚಲನಚಿತ್ರದ ತುಣುಕನ್ನೂ ಹುಡುಕಿ ತೆಗೆದು, 2004ರಲ್ಲಿ 'ಕಂಟಿನ್ಯುಯಸ್ ಜರ್ನಿ' ಎಂಬ ಸಾಕ್ಷ್ಯಚಿತ್ರ ಮಾಡಿದರು. ಆ ನಿಯಮದ ಹೆಸರೇ ಚಿತ್ರದ ಹೆಸರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ 18ರಂದು.

ಇತ್ತ ಅಮೆರಿಕದಲ್ಲಿ 1965ರ ನಂತರ ಬಂದವರ ಮಕ್ಕಳು ದೊಡ್ಡವರಾಗಿದ್ದರು. ಡಾಕ್ಟರಿಕೆ ಓದು, ಇಂಜಿನಿಯರಿಂಗ್ ಓದು ಎಂಬ ಮನೆಯ ಒತ್ತಾಯದ ನಡುವೆ ಕೆಲವರು ಕದ್ದುಮುಚ್ಚಿ ಕ್ಯಾಮೆರಾ ಹಿಡಿದರು. ನ್ಯೂಯಾರ್ಕಿನಲ್ಲಿ ಸಿನಿಮಾ ಓದಿದ ಮನೋಜ್ ನೈಟ್ ಶ್ಯಾಮಲನ್ 1992ರಲ್ಲಿ ಮದರಾಸಿನಲ್ಲಿ ತೆಗೆದ 'ಪ್ರೇಯಿಂಗ್ ವಿತ್ ಆ್ಯಂಗರ್' ಇಂಥದೇ ಮೊದಲ ಹೆಜ್ಜೆ, ಆತ ಹಾಲಿವುಡ್ಡಿನ ಹೆಸರಾದದ್ದು ಆಮೇಲೆ. ಜಾರ್ಜಿಯಾ ಟೆಕ್‌ನಲ್ಲಿ ಓದಿ ಅಟ್ಲಾಂಟಾದಲ್ಲಿ ಇಂಜಿನಿಯರಾಗಿದ್ದ ನಾಗೇಶ್ ಕುಕುನೂರ್ ಉಳಿಸಿದ ಸಂಬಳವನ್ನು ಹಿಡಿದು ತವರಿಗೆ ಬಂದು, 17 ಲಕ್ಷ ರೂಪಾಯಿಯಲ್ಲಿ, 17 ದಿನಗಳಲ್ಲಿ 'ಹೈದರಾಬಾದ್ ಬ್ಲೂಸ್' ಮುಗಿಸಿದರು. 1998ರಲ್ಲಿ ಅದು ಬೆಂಗಳೂರೂ ಸೇರಿದಂತೆ ನಮ್ಮ ನಗರಗಳ ಹುಡುಗ ಹುಡುಗಿಯರಿಗೆ, ಇಂಗ್ಲಿಷು ತೆಲುಗು ಹಿಂದಿ ಬೆರೆಸಿ ಮಾತಾಡುವ ತಮ್ಮಂಥವರೂ ಸಿನಿಮಾದ ಪಾತ್ರಗಳಾಗಬಹುದೆಂದು ತೋರಿಸಿತು. 1999ರಲ್ಲಿ ಕೃತಿನ್ ಪಟೇಲರ 'ಎಬಿಸಿಡಿ', ನಿಶಾ ಗನಾತ್ರಾರ 'ಚಟ್ನಿ ಪಾಪ್‌ಕಾರ್ನ್' ಬಂದವು. 2001ರಲ್ಲಿ ಪಿಯೂಷ್ ದಿನಕರ್ ಪಾಂಡ್ಯರ 'ಅಮೆರಿಕನ್ ದೇಸಿ' ಬಂತು. ಇವುಗಳಲ್ಲಿ ಕೆಲವು ಕಸುಬಿನ ದೃಷ್ಟಿಯಿಂದ ಕಚ್ಚಾ ಚಿತ್ರಗಳೇ. ದೃಶ್ಯಗಳು ಎಳೆಯುತ್ತವೆ, ಅಪ್ಪ ಅಮ್ಮಂದಿರ ಪಾತ್ರಗಳು ತೆಳುವಾಗಿವೆ. ಆದರೂ ಕಾಲೇಜು ಹುಡುಗರು ಗುಂಪುಗುಂಪಾಗಿ ಹೋಗಿ ನೋಡಿದರು, ಏಕೆಂದರೆ ತಮ್ಮ ಹೆಸರನ್ನು ತಿರುಚದೆ ಉಚ್ಚರಿಸುವ ಸಿನಿಮಾ ಅವರಿಗೆ ಬೇರೆ ಇರಲಿಲ್ಲ.

2001ರ ಸೆಪ್ಟೆಂಬರ್ 8ರಂದು ವೆನಿಸ್‌ನಲ್ಲಿ ಮೀರಾ ನಾಯರ್ 'ಮಾನ್ಸೂನ್ ವೆಡ್ಡಿಂಗ್' ಚಿತ್ರಕ್ಕೆ ಗೋಲ್ಡನ್ ಲಯನ್ ಪಡೆದರು. ಸತ್ಯಜಿತ್ ರಾಯ್ ಅವರ 'ಅಪರಾಜಿತೋ'ಗೆ 1957ರಲ್ಲಿ ಸಿಕ್ಕ ಮೇಲೆ ಆ ಪ್ರಶಸ್ತಿ ಭಾರತದ ಕಥೆಗೆ ಬಂದದ್ದು ಅದೇ ಮೊದಲು. ಚಿತ್ರಕಥೆ ಬರೆದ ಸಬ್ರಿನಾ ಧವನ್ ಆಗ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಮೂವತ್ತು ದಿನಗಳ ಚಿತ್ರೀಕರಣ, ವಿಮಾನ ನಿಲ್ದಾಣದ ಎಕ್ಸ್-ರೇ ಯಂತ್ರದಲ್ಲಿ ಹಾಳಾದ ಫಿಲ್ಮಿನ ಸುರುಳಿಗಳು, ಮತ್ತೆ ಹಣ ಹೊಂದಿಸಿ ತೆಗೆದ ದೃಶ್ಯಗಳು, ಇವೆಲ್ಲ ದಾಟಿ ಬಂದ ಗೆಲುವು ಅದು.

ಮೂರು ದಿನ ಕಳೆದಿರಲಿಲ್ಲ, ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದವು. ಸೆಪ್ಟೆಂಬರ್ 15ರಂದು ಅರಿಜೋನಾದ ಮೆಸಾದಲ್ಲಿ ತನ್ನ ಪೆಟ್ರೋಲ್ ಬಂಕಿನ ಮುಂದೆ ನಿಂತಿದ್ದ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ಖನನ್ನು, ಪೇಟ ಕಂಡು ಅರಬನೆಂದು ತಿಳಿದವನೊಬ್ಬ ಗುಂಡಿಟ್ಟು ಕೊಂದ. ಮುಖ ಮತ್ತೆ ಆಪತ್ತಾಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ, ಅರುಣ್ ಶಿವದಾಸಾನಿ ಎಂಬ ಮಹಿಳೆ ಮುನ್ನಡೆಸುತ್ತಿದ್ದ ಇಂಡೋ-ಅಮೆರಿಕನ್ ಆರ್ಟ್ಸ್ ಕೌನ್ಸಿಲ್, ಹೊರದೇಶದ ಭಾರತೀಯರ ಸ್ವತಂತ್ರ ಚಿತ್ರಗಳಿಗೇ ಮೀಸಲಾದ ಉತ್ಸವವನ್ನು ಆರಂಭಿಸಿತು. ಇಂದಿನ ನ್ಯೂಯಾರ್ಕ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನ ಬೇರು ಅದೇ. ಊರೇ ಶೋಕದಲ್ಲಿರುವಾಗ, ಕಂದು ಮೈಯವರನ್ನು ಬೀದಿಯಲ್ಲಿ ತಿರುತಿರುಗಿ ನೋಡುತ್ತಿದ್ದ ಕಾಲದಲ್ಲಿ, ನಮ್ಮ ಮನೆ ಹೀಗಿದೆ ಬಂದು ನೋಡಿ ಎಂದು ಪರದೆ ಬಿಚ್ಚಿದ್ದು ಸಣ್ಣ ಧೈರ್ಯವಲ್ಲ.

ಆ ಕಾಲದ ಚಿತ್ರಗಳಲ್ಲಿ ಶರತ್ ರಾಜು ಅವರ 'ಅಮೆರಿಕನ್ ಮೇಡ್' ಎಂಬ 2003ರ ಕಿರುಚಿತ್ರವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಗ್ರ್ಯಾಂಡ್ ಕ್ಯಾನಿಯನ್ ನೋಡಲು ಹೊರಟ ಸಿಖ್ ಕುಟುಂಬದ ಜೀಪು ಮರುಭೂಮಿಯ ರಸ್ತೆಯಲ್ಲಿ ಕೆಟ್ಟು ನಿಂತಿದೆ. ವಾಹನಗಳು ಹಾದುಹೋಗುತ್ತವೆ, ಒಂದೂ ನಿಲ್ಲುವುದಿಲ್ಲ. ಅಪ್ಪನ ಪೇಟವೇ ಕಾರಣವೆಂದು ಮಗನಿಗೆ ಗುಮಾನಿ, ಯಾರಾದರೂ ನಿಂತೇ ನಿಲ್ಲುತ್ತಾರೆಂದು ಅಪ್ಪನ ನಂಬಿಕೆ. ಮೀರಾ ನಾಯರ್ ಕೂಡ 2002ರಲ್ಲಿ ಹನ್ನೊಂದು ನಿರ್ದೇಶಕರು ಸೇರಿ ಮಾಡಿದ ಚಿತ್ರವೊಂದಕ್ಕೆ, ಗೋಪುರಗಳಲ್ಲಿ ಜನರನ್ನು ಉಳಿಸಲು ಹೋಗಿ ಸತ್ತ, ಆದರೆ ಉಗ್ರನೆಂಬ ಶಂಕೆಗೆ ಗುರಿಯಾದ ಮುಸ್ಲಿಂ ಯುವಕನ ತಾಯಿಯ ಕಥೆ ಕೊಟ್ಟರು.

ಆಮೇಲಿನದು ವೇಗವಾಗಿ ನಡೆಯಿತು. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಥರ್ಡ್ ಐ' ಉತ್ಸವ ಶುರುವಾಯಿತು. ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ, ಸಾಬು ತೀರಿಕೊಂಡ ಊರಿನಲ್ಲಿ, ಗ್ರೀಸ್ ಮೂಲದ ಕ್ರಿಸ್ಟಿನಾ ಮರೌಡಾ ಭಾರತೀಯ ಚಿತ್ರೋತ್ಸವ ಕಟ್ಟಿದರು. ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್ 2010ರಲ್ಲಿ ಹುಟ್ಟಿತು. 2017ರಲ್ಲಿ ಹಾಸ್ಯಗಾರ ಹರಿ ಕೊಂಡಬೋಲು 'ದಿ ಪ್ರಾಬ್ಲಮ್ ವಿತ್ ಅಪು' ಎಂಬ ಸಾಕ್ಷ್ಯಚಿತ್ರದಲ್ಲಿ, 'ಸಿಂಪ್ಸನ್ಸ್' ಕಾರ್ಟೂನಿನ ಭಾರತೀಯ ಅಂಗಡಿಯವನಿಗೆ ಬಿಳಿಯ ನಟ ದನಿ ಕೊಡುವುದೇಕೆಂದು ಕೇಳಿದರು. 2020ರಲ್ಲಿ ಆ ನಟ ಪಾತ್ರವನ್ನು ಕೈಬಿಟ್ಟರು. ಪೀಟರ್ ಸೆಲರ್ಸ್ ಬಳಿದುಕೊಂಡ ಬಣ್ಣ ಒರೆಸಿಹೋಗಲು ಐವತ್ತೆರಡು ವರ್ಷ ಹಿಡಿಯಿತು.

ಈ ಉತ್ಸವಗಳು ಹೊರಗಿನವರಿಗಾಗಿ ಕಟ್ಟಿದ ಪರದೆಯನ್ನು ನಮಗೂ ಬಿಟ್ಟುಕೊಟ್ಟಿವೆ. 2013ರ ಜುಲೈನಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಲ್ಲ, ಲಂಡನ್ನಿನ ಆ ಉತ್ಸವದಲ್ಲಿ. ನಿರ್ಮಾಪಕರು ಸಿಗದೆ, ನೂರಕ್ಕೂ ಹೆಚ್ಚು ಸಾಮಾನ್ಯ ಪ್ರೇಕ್ಷಕರಿಂದ ಹಣ ಕೂಡಿಸಿ ಮಾಡಿದ ಆ ಕನ್ನಡ ಚಿತ್ರಕ್ಕೆ ಅಲ್ಲಿನ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಬಂತು. ಎಡಿನ್‌ಬರೋ ಕುರೇಶಿಗೆ ಮಾಡಿದ ಉಪಕಾರವನ್ನು ಲಂಡನ್ ನಮ್ಮ ಹುಡುಗನಿಗೆ ಮಾಡಿತು.

ಅಮೆರಿಕ, ಇಂಗ್ಲೆಂಡ್, ಕೊಲ್ಲಿ ದೇಶ, ಆಸ್ಟ್ರೇಲಿಯಾಗಳ ಕನ್ನಡ ಕೂಟದವರಲ್ಲಿ ನನ್ನದೊಂದು ಕೋರಿಕೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ನೀವು ಹೇಗೂ ಸಭಾಂಗಣ ಬಾಡಿಗೆ ಹಿಡಿಯುತ್ತೀರಿ, ಇಲ್ಲಿಂದ ತಾರೆಯರನ್ನೂ ಕರೆಸುತ್ತೀರಿ. ವರ್ಷಕ್ಕೆ ಒಂದು ಸಂಜೆಯನ್ನು ಅಲ್ಲೇ ಹುಟ್ಟಿ ಬೆಳೆದ ನಿಮ್ಮ ಮಕ್ಕಳು ತೆಗೆದ ಚಿತ್ರಕ್ಕೆ ಕೊಡಿ. ಅವರ ಕನ್ನಡ ತೊದಲಬಹುದು, ಚಿತ್ರ ಕಚ್ಚಾ ಇರಬಹುದು, ನಿಮ್ಮ ಮನೆಯ ಮಾತೇ ಪರದೆಯ ಮೇಲೆ ಬಂದು ನಿಮಗೆ ಇರುಸುಮುರುಸೂ ಆಗಬಹುದು. ಎದ್ದುಹೋಗಬೇಡಿ. ದೀಪ ಹಾಕಿದ ಮೇಲೆ ಮೊದಲ ಪ್ರಶ್ನೆ ನೀವೇ ಕೇಳಿ.